ಪಟ್ಟಿಯಲ್ಲಿ ಕೆಟ್ಟ ತಿಂಗಳಿಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಹಿಮ ಬೀಳುವ ಊರುಗಳನ್ನು ಬಿಟ್ಟು ಬೆಚ್ಚನೆಯ ಊರುಗಳಿಗೆ ಮನೆ ಬದಲಿಸುತ್ತಿರುವ ಅಮೆರಿಕದ ಕನ್ನಡಿಗರ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಓದಿದೆ. ಪಕ್ಕದಲ್ಲೇ ಒಂದು ಪಟ್ಟಿ ಕೊಟ್ಟಿದ್ದೀರಿ: ಊರಿನ ಹೆಸರು, ಅದರ ಮುಂದೆ ಜನವರಿಯ ತಾಪಮಾನ, ಅಷ್ಟೇ. ಟ್ಯಾಂಪಾ ಮೇಲೆ, ಅದರ ಕೆಳಗೆ ಫೀನಿಕ್ಸ್, ಇನ್ನೂ ಕೆಳಗೆ ಡಲ್ಲಾಸ್. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದವಳು ನಾನು. ಇಂಥ ಪಟ್ಟಿ ಕಂಡರೆ ಕೈ ತಾನಾಗಿಯೇ ಕೆಂಪು ಶಾಯಿಯ ಪೆನ್ನು ಹುಡುಕುತ್ತದೆ. ಬುಧವಾರ ಹರಿಹರದ ಓದುಗರೊಬ್ಬರು ಅದಕ್ಕೆ ಉತ್ತರವಾಗಿ, ಎಲ್ಲರೂ ದಾವಣಗೆರೆಗೇ ಬಂದುಬಿಡಲಿ, ಇಲ್ಲಿ ಹಿಮವೂ ಇಲ್ಲ, ಬಾಡಿಗೆಯೂ ಕಡಿಮೆ ಎಂದು ಬರೆದಿದ್ದರು. ಇಬ್ಬರಿಗೂ ಸೇರಿಸಿ ಈ ಪತ್ರ.

ನನ್ನ ಮಗಳು, ಅಳಿಯ ಇರುವುದು ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ. ನ್ಯೂಯಾರ್ಕ್ ಎಂದ ಕೂಡಲೇ ನಮ್ಮ ಬೀದಿಯವರು ಗಗನಚುಂಬಿ ಕಟ್ಟಡಗಳ ಬಗ್ಗೆ ಕೇಳುತ್ತಾರೆ. ಇದು ಆ ನಗರವಲ್ಲ, ಅಲ್ಲಿಂದ ಕಾರಿನಲ್ಲಿ ಆರೇಳು ಗಂಟೆಯ ದಾರಿ, ಈರಿ ಸರೋವರದ ದಂಡೆ. ವರ್ಷಕ್ಕೆ ಸುಮಾರು ಎರಡೂವರೆ ಮೀಟರ್ ಹಿಮ ಬೀಳುವ ಊರು. 2022ರ ಅಕ್ಟೋಬರ್‌ನಲ್ಲಿ ಮಗಳ ಬಾಣಂತನಕ್ಕೆಂದು ಹೋದೆ. ಪೆಟ್ಟಿಗೆಯಲ್ಲಿ ಅಂಟಿನುಂಡೆಯ ಸಾಮಾನು, ಬಜೆ, ಅಜವಾನ, ಮೇಲೊಂದು ಚಳ್ಳಕೆರೆಯ ಕರಿ ಕಂಬಳಿ. ಕಂಬಳಿ ಕಂಡು ಮಗಳು ನಕ್ಕಳು. ಮನೆಯೆಲ್ಲ ಬೆಚ್ಚಗಿರುತ್ತದೆ ಅಮ್ಮ, ಇದನ್ನು ಯಾರು ಹೊದೆಯುತ್ತಾರೆ ಎಂದಳು.

ಮನೆ ಬೆಚ್ಚಗಿದ್ದದ್ದು ನಿಜ. ಆದರೆ ಚಳಿ ಬೇರೆ ಬಾಗಿಲಿನಿಂದ ಒಳಗೆ ಬರುತ್ತದೆ. ಡಬ್ಬಿಯಲ್ಲಿದ್ದ ಕೊಬ್ಬರಿ ಎಣ್ಣೆ ಕಲ್ಲಾಗಿರುತ್ತಿತ್ತು, ಮಗುವಿಗೆ ಹಚ್ಚಬೇಕೆಂದರೆ ಮೊದಲು ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಡಬೇಕು. ದೋಸೆ ಹಿಟ್ಟು ಎರಡು ದಿನವಾದರೂ ಉಬ್ಬದು. ಕೊನೆಗೆ ಅಳಿಯ ಓವನ್‌ನೊಳಗೆ ಪಾತ್ರೆ ಇಟ್ಟು, ಒಲೆ ಹಚ್ಚದೆ ಅದರ ಒಳಗಿನ ದೀಪವನ್ನು ಮಾತ್ರ ರಾತ್ರಿಯಿಡೀ ಉರಿಸಿದ. ಬೆಣ್ಣೆ ದೋಸೆಯ ಊರಿನವಳು ನಾನು, ಹಿಟ್ಟು ಹುಳಿ ಬರಲೆಂದು ವಿದ್ಯುತ್ ದೀಪಕ್ಕೆ ಕೈ ಮುಗಿದದ್ದು ಅದೇ ಮೊದಲು. ಹೀಟರಿನ ಗಾಳಿಗೆ ತುಟಿ ಒಡೆದು ರಕ್ತ ಬರುತ್ತಿತ್ತು. ಬಾಗಿಲಿನ ಹಿಡಿ ಮುಟ್ಟಿದರೆ ಚುರ್ ಎಂದು ಕಿಡಿ.

ಎಲ್ಲಕ್ಕಿಂತ ಕಷ್ಟವಾದದ್ದು ಬಿಸಿಲು. ನಮ್ಮಲ್ಲಿ ಹಸುಗೂಸನ್ನು ಬೆಳಗಿನ ಎಳೆ ಬಿಸಿಲಿಗೆ ಹಿಡಿಯುತ್ತೇವೆ. ಅಲ್ಲಿ ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆ ಮುಂಚೆಯೇ ಕತ್ತಲು, ಹಗಲಿಗೂ ಸರೋವರದ ಮೇಲಿನ ಮೋಡ ಕದಲುವುದಿಲ್ಲ. ಒಂದು ದಿನ ಹತ್ತು ನಿಮಿಷ ಸೂರ್ಯ ಕಂಡ. ಅಡುಗೆ ಬಿಟ್ಟು ಓಡಿ, ಮೊಮ್ಮಗಳ ಕುಲಾವಿ ಬಿಚ್ಚಿ ಕಿಟಕಿಯ ಬಳಿ ಹಿಡಿದು ಕುಳಿತೆ. ಮಗಳು ಮೆಲ್ಲನೆ ಹೇಳಿದಳು: ‘ಅಮ್ಮ, ಗಾಜಿನ ಮೂಲಕ ಬಂದ ಬಿಸಿಲಿನಿಂದ ವಿಟಮಿನ್ ಡಿ ಆಗುವುದಿಲ್ಲ. ಡಾಕ್ಟರ್ ದಿನಕ್ಕಿಷ್ಟು ಹನಿ ಎಂದು ಕೊಟ್ಟಿದ್ದಾರಲ್ಲ.’ ಅದು ನನಗೂ ಗೊತ್ತು. ಎಷ್ಟು ವರ್ಷ ಪಾಠ ಮಾಡಿಲ್ಲ! ಆದರೂ ಸೂರ್ಯ ಮರೆಯಾಗುವವರೆಗೆ ಎದ್ದೇಳಲಿಲ್ಲ.

ಈ ಹಿಮ ಬೀಳುವ ರೀತಿ ನಮ್ಮ ಮಳೆ ಬೀಳುವ ರೀತಿಗೆ ದೂರದ ನೆಂಟ. ಉತ್ತರದ ಶೀತಗಾಳಿ ಇನ್ನೂ ಹೆಪ್ಪುಗಟ್ಟದ ಸರೋವರದ ಮೇಲೆ ಹಾಯುವಾಗ ತೇವ ಹೀರಿಕೊಂಡು, ದಂಡೆ ದಾಟಿದ ಮೇಲೆ ಹಿಮವಾಗಿ ಸುರಿಯುತ್ತದೆ. ಅದೂ ಕಿರಿದಾದ ಒಂದು ಪಟ್ಟೆಯ ಮೇಲೆ ಮಾತ್ರ. ಆಗುಂಬೆಯಲ್ಲಿ ಸುರಿದ ಮೋಡ ಜಗಳೂರಿಗೆ ಬರುವಷ್ಟರಲ್ಲಿ ಬರಿದಾಗಿರುತ್ತದಲ್ಲ, ಅಲ್ಲಿ ಆ ವ್ಯತ್ಯಾಸ ಒಂದೇ ಊರಿನ ಎರಡು ಬಡಾವಣೆಗಳ ನಡುವೆ. ಆ ನವೆಂಬರ್‌ನಲ್ಲಿ ದಕ್ಷಿಣದ ಆರ್ಚರ್ಡ್ ಪಾರ್ಕ್ ಎಂಬ ಉಪನಗರದಲ್ಲಿ ಆರು ಅಡಿಗೂ ಮೀರಿ ಹಿಮ ಬಿತ್ತು. ಉತ್ತರದಲ್ಲಿದ್ದ ನಮ್ಮ ಬೀದಿಯಲ್ಲಿ ಮೊಣಕಾಲು ಮುಟ್ಟಲಿಲ್ಲ. ನಾವು ಪಾರಾದೆವು ಎಂದುಕೊಂಡೆವು.

ಡಿಸೆಂಬರ್ 23ರಂದು ನಮ್ಮ ಸರದಿ ಬಂತು. ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ಗಾಳಿ, ಕಿಟಕಿಯಾಚೆ ಎದುರು ಮನೆಯಿರಲಿ, ನಮ್ಮದೇ ಅಂಗಳದ ಮರ ಕಾಣದು. ವಿಮಾನ ನಿಲ್ದಾಣದಲ್ಲಿ ಆ ಬಿರುಗಾಳಿ 37 ಗಂಟೆ ಸತತವಾಗಿ ದಾಖಲಾಯಿತೆಂದು ಆಮೇಲೆ ಓದಿದೆ. ಆಂಬುಲೆನ್ಸ್‌ಗಳೇ ಹಿಮದಲ್ಲಿ ಸಿಕ್ಕಿಕೊಂಡವು. ಆ ಪ್ರದೇಶದಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು, ಕೆಲವರು ಕಾರಿನೊಳಗೆ, ಕೆಲವರು ಬೀದಿಯಲ್ಲಿ. ನಮ್ಮ ಮನೆಯಲ್ಲಿ ದೀಪ ಉಳಿಯಿತು. ಪಕ್ಕದ ಮನೆಯ ವೃದ್ಧ ದಂಪತಿಗಳಲ್ಲಿ ಹೋಯಿತು. ಅಳಿಯ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೋಗಿ ಅವರನ್ನು ಕರೆತಂದ. ಇರುವುದು ಇಪ್ಪತ್ತು ಹೆಜ್ಜೆ, ಹೋಗಿ ಬರಲು ಹಿಡಿದದ್ದು ಮುಕ್ಕಾಲು ಗಂಟೆ. ಎರಡು ರಾತ್ರಿ ಆ ಅಜ್ಜಿ ಹೊದ್ದು ಮಲಗಿದ್ದು ನನ್ನ ಚಳ್ಳಕೆರೆ ಕಂಬಳಿಯನ್ನೇ. ಚುಚ್ಚುತ್ತದೆ ಎಂದು ದೂರಿದರು, ಹಿಂದಿರುಗಿಸಲು ಮಾತ್ರ ಮನಸ್ಸು ಮಾಡಲಿಲ್ಲ.

ಊರು ಬಿಡುವ ಮಾತು ಶುರುವಾದದ್ದು ಆ ವಾರದಲ್ಲಿ. ಅಂದಿನಿಂದ ಪ್ರತಿ ಭಾನುವಾರದ ಫೋನಿನಲ್ಲಿ ಒಂದೊಂದು ಊರು. ನಾನು ಹಳೆಯ ಹಾಜರಿ ಪುಸ್ತಕ ಒಂದನ್ನು ತೆಗೆದು ಊರುಗಳ ಹೆಸರು ಬರೆದು, ಮುಂದೆ ಒಂದೇ ಪ್ರಶ್ನೆ ಹಾಕಿದೆ: ಇಲ್ಲಿ ಕೆಟ್ಟ ತಿಂಗಳು ಯಾವುದು, ಆಗ ಏನಾಗುತ್ತದೆ?

ನಿಮ್ಮ ಪಟ್ಟಿಯ ಫೀನಿಕ್ಸ್‌ನಲ್ಲಿ ಜನವರಿ ನಮ್ಮ ಮಾಘದಂತೆಯೇ ಸುಖವಾಗಿರುತ್ತದೆ, ಒಪ್ಪಿದೆ. 2023ರ ಬೇಸಿಗೆಯಲ್ಲಿ ಅಲ್ಲಿ ಸತತ 31 ದಿನ ತಾಪಮಾನ 43 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಕಾದ ಡಾಂಬರಿನ ಮೇಲೆ ಬಿದ್ದವರು ಸುಟ್ಟ ಗಾಯಗಳಿಂದ ಆಸ್ಪತ್ರೆ ಸೇರಿದರು. ಬಫಲೋದಲ್ಲಿ ಐದು ತಿಂಗಳು ಮನೆಯೊಳಗೆ ಕೂರುತ್ತೀರಿ, ಅಲ್ಲಿ ನಾಲ್ಕು ತಿಂಗಳು ಕೂರುತ್ತೀರಿ, ಒಂದು ತಿಂಗಳ ಲಾಭಕ್ಕೆ ಮನೆ ಮಾರುತ್ತೀರಾ ಎಂದು ಕೇಳಿದೆ. ಅಳಿಯ ನಕ್ಕು ಆ ಸಾಲಿಗೆ ಗೀಟು ಎಳೆಯಲು ಹೇಳಿದ.

ಡಲ್ಲಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಎಂಬುದು ಅವನಿಗೆ ದೊಡ್ಡ ಆಕರ್ಷಣೆ. ಆದರೆ 2021ರ ಫೆಬ್ರವರಿಯಲ್ಲಿ ಆ ಊರಿರುವ ಟೆಕ್ಸಾಸ್ ರಾಜ್ಯಕ್ಕೂ ಹಿಮ ಬಂತು. ಚಳಿಗೆ ಸಿದ್ಧವಿಲ್ಲದ ವಿದ್ಯುತ್ ಜಾಲ ಕುಸಿದು ಲಕ್ಷಾಂತರ ಮನೆಗಳು ದಿನಗಟ್ಟಲೆ ಕತ್ತಲಾದವು, ಸರ್ಕಾರದ ಲೆಕ್ಕದಲ್ಲೇ 240ಕ್ಕೂ ಹೆಚ್ಚು ಜನ ತೀರಿಕೊಂಡರು. ಇಲ್ಲಿ ಒಂದು ಮಾತು: ಚಳಿ ಬಫಲೋದಲ್ಲೇ ಹೆಚ್ಚು, ಆದರೆ ಅಲ್ಲಿನ ಮನೆ, ನೀರಿನ ಕೊಳವೆ, ಹಿಮ ಎತ್ತುವ ಲಾರಿ ಎಲ್ಲವೂ ಚಳಿಯನ್ನು ಎದುರು ನೋಡುತ್ತಲೇ ಕೂತಿರುತ್ತವೆ. ಬೆಚ್ಚನೆಯ ಊರಿಗೆ ಅಪರೂಪಕ್ಕೆ ಬರುವ ಚಳಿಯನ್ನು ತಡೆಯುವ ಅಭ್ಯಾಸವಿರುವುದಿಲ್ಲ. ಟ್ಯಾಂಪಾದ್ದು ಚಂಡಮಾರುತದ ಕಥೆ. 2024ರಲ್ಲಿ ಎರಡು ವಾರಗಳ ಅಂತರದಲ್ಲಿ ಹೆಲೀನ್, ಮಿಲ್ಟನ್ ಎರಡೂ ಆ ಕರಾವಳಿಯನ್ನು ಕಾಡಿದವು. ಅದಿರುವ ಫ್ಲಾರಿಡಾ ರಾಜ್ಯದಲ್ಲೂ ಆದಾಯ ತೆರಿಗೆ ಇಲ್ಲ, ಆದರೆ ಅಲ್ಲಿ ಮನೆಯ ವಿಮೆಯ ಕಂತು ಕೇಳಿದರೆ, ಉಳಿಸಿದ ತೆರಿಗೆ ಎಲ್ಲಿಗೆ ಹೋಗುತ್ತದೆ ಎಂಬುದು ತಿಳಿಯುತ್ತದೆ. ಸ್ಯಾನ್ ಡಿಯೆಗೋ ಬಗ್ಗೆ ಬರೆಯುವುದೇ ಬೇಡ. ಅಲ್ಲಿ ಜನವರಿಗೂ ಜುಲೈಗೂ ಹೆಚ್ಚು ಅಂತರವಿಲ್ಲ, ಆದರೆ ಬಫಲೋದ ಮನೆ ಮಾರಿದ ಹಣಕ್ಕೆ ಅಲ್ಲಿ ಕಾರು ನಿಲ್ಲಿಸುವ ಜಾಗವೂ ಬರುವುದಿಲ್ಲವಂತೆ.

ನನ್ನನ್ನು ಬೆಚ್ಚಿಬೀಳಿಸಿದ್ದು ಆಶ್‌ವಿಲ್. ನಾರ್ತ್ ಕೆರೊಲಿನಾದ ಬೆಟ್ಟದೂರು, ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗಿದೆ, ಹವಾಮಾನದ ಕಾಟ ತಟ್ಟದ ಊರು ಎಂದು ಎಷ್ಟೋ ಜನ ಹೊಗಳಿದ್ದರು. ನಾನೂ ಹಾಜರಿ ಪುಸ್ತಕದಲ್ಲಿ ಅದರ ಮುಂದೆ ನಕ್ಷತ್ರ ಹಾಕಿದ್ದೆ. 2024ರ ಸೆಪ್ಟೆಂಬರ್‌ನಲ್ಲಿ ಅದೇ ಹೆಲೀನ್ ಮಳೆಗೆ ಅಲ್ಲಿನ ನದಿಗಳು ಉಕ್ಕಿ ಊರಿನ ತಗ್ಗು ಭಾಗಗಳನ್ನೇ ಕೊಚ್ಚಿಕೊಂಡು ಹೋದವು, ಕುಡಿಯುವ ನೀರಿಗೆ ಜನ ವಾರಗಟ್ಟಲೆ ಪರದಾಡಿದರು. ನಕ್ಷತ್ರದ ಮೇಲೆ ನಾನೇ ಗೀಟು ಹಾಕಿದೆ. ತಮಾಷೆ ಎಂದರೆ, 2019ರಲ್ಲಿ ಬಫಲೋದ ಮೇಯರ್ ತಮ್ಮ ಊರನ್ನೇ ಹವಾಮಾನ ನಿರಾಶ್ರಿತರ ಆಸರೆ ಎಂದು ಕರೆದಿದ್ದರು. ನಾವು ಬಿಡಲು ಹೊರಟ ಊರಿಗೆ ಬನ್ನಿ ಎಂದು ಬೇರೆಯವರಿಗೆ ಕರೆ!

ನಮ್ಮ ಅಜ್ಜನ ಊರು ಜಗಳೂರಿನ ಕಡೆ. ಭತ್ತದ ಕೊಯ್ಲು ಮುಗಿಯುತ್ತಿದ್ದಂತೆ ಆ ಒಣ ಸೀಮೆಯ ಕುರಿಗಾಹಿಗಳು ಮಂದೆ ಹೊಡೆದುಕೊಂಡು ಹರಿಹರ, ಹೊನ್ನಾಳಿ ಕಡೆಯ ಗದ್ದೆಗಳಿಗೆ ಇಳಿಯುತ್ತಿದ್ದರು. ರೈತರು ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ತರುಬಿಸಿಕೊಂಡು ಕಾಳು ಕಡಿ ಕೊಡುತ್ತಿದ್ದರು. ಮಂದೆ ಹೊರಡುವ ಮೊದಲು ಹಿರಿಯನೊಬ್ಬ ಒಂಟಿಯಾಗಿ ನಡೆದು ಹೋಗಿ ಮೇವು, ನೀರು ನೋಡಿಕೊಂಡು ಬರುತ್ತಿದ್ದ. ಯಾರು ಹೇಳಿದರೂ ನಂಬುತ್ತಿರಲಿಲ್ಲ, ಹಳ್ಳಕ್ಕೆ ಕೈ ಅದ್ದಿ ನೋಡಿಯೇ ಮರಳುತ್ತಿದ್ದ. ಇದನ್ನೇ ಅಳಿಯನಿಗೆ ಹೇಳಿದೆ. ಕ್ರಿಸ್‌ಮಸ್ ರಜೆಯಲ್ಲಿ ಹೋಗಿ ಬಿಸಿಲಿಗೆ ಮರುಳಾಗಬೇಡಪ್ಪ, ಆ ಊರಿನ ಕೆಟ್ಟ ತಿಂಗಳಲ್ಲಿ ಒಂದು ವಾರ ಇದ್ದು ಬಾ ಎಂದೆ. ಹೋದ ಜುಲೈನಲ್ಲಿ ಅದೇ ನಾರ್ತ್ ಕೆರೊಲಿನಾದಲ್ಲಿ ಬೆಟ್ಟಸಾಲಿನಿಂದ ದೂರವಿರುವ ರ್ಯಾಲಿ ಎಂಬ ಊರಿಗೆ ಒಬ್ಬನೇ ಹೋಗಿ ಬಂದ. ಅಂಗಿ ಬೆನ್ನಿಗೆ ಅಂಟುವಷ್ಟು ಸೆಕೆ, ಆದರೆ ಬೆಳಿಗ್ಗೆ ಏಳಕ್ಕೆ ಮಕ್ಕಳು ಉದ್ಯಾನದಲ್ಲಿ ಆಡುತ್ತಿದ್ದರು ಎಂದ. ವಸಂತದಲ್ಲಿ ಪೈನ್ ಮರಗಳ ಪರಾಗ ಹಳದಿ ಪುಡಿಯಾಗಿ ಕಾರಿನ ಮೇಲೆಲ್ಲ ಕೂರುತ್ತದಂತೆ, ಮಗಳಿಗೆ ಸೀನು ಬರುವುದು ಖಂಡಿತ. ಚಳಿಗಾಲದಲ್ಲಿ ಹಿಮ ಬಂದರೂ ಹೆಚ್ಚು ದಿನ ನಿಲ್ಲುವುದಿಲ್ಲ. ಅವರಿಬ್ಬರ ಕೆಲಸಕ್ಕೂ ಹತ್ತಿರದಲ್ಲಿ ಕಂಪನಿಗಳಿವೆ.

ಇನ್ನು ಹರಿಹರದ ಓದುಗರಿಗೆ. ದಾವಣಗೆರೆಯ ಹೆಸರನ್ನೂ ಹಾಜರಿ ಪುಸ್ತಕದಲ್ಲಿ ಬರೆದಿದ್ದೆ ಸ್ವಾಮಿ, ತಾಯಿಯಾಗಿ ಅದನ್ನೇ ಮೊದಲು ಬರೆದೆ. ಆದರೆ ಪ್ರಶ್ನೆ ಎಲ್ಲರಿಗೂ ಒಂದೇ ಅಲ್ಲವೇ? ಇಲ್ಲಿನ ಕೆಟ್ಟ ತಿಂಗಳು ಏಪ್ರಿಲ್. ತಾರಸಿಯ ಮೇಲಿನ ಟ್ಯಾಂಕಿನಿಂದ ಬರುವ ನೀರಿನಲ್ಲಿ ಮಧ್ಯಾಹ್ನ ಕೈ ತೊಳೆಯಲಾಗದು. ಭದ್ರಾ ನಾಲೆಯ ನೀರು ಕುಂದವಾಡ ಕೆರೆಗೆ ಬಂದರೆ ನಮಗೆ ನಲ್ಲಿ, ಬಾರದಿದ್ದರೆ ಟ್ಯಾಂಕರ್. 2023ರ ಬರದ ನಂತರದ ಬೇಸಿಗೆಯಲ್ಲಿ ಬೆಳಗಿನ ಜಾವ ಎದ್ದು ಕೊಡ ಸಾಲಿಗಿಟ್ಟದ್ದನ್ನು ನಾನು ಮರೆತಿಲ್ಲ. ಇದನ್ನು ಮಗಳಿಗೆ ಮುಚ್ಚಿಟ್ಟು ಡಿಸೆಂಬರ್‌ನ ಹಿತವಾದ ಬೆಳಗನ್ನು ಮಾತ್ರ ವಿಡಿಯೊದಲ್ಲಿ ತೋರಿಸಿದರೆ, ನಿಮ್ಮ ಪಟ್ಟಿಗೂ ನನಗೂ ಏನು ವ್ಯತ್ಯಾಸ? ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ನೀನು ಅಲ್ಲಿ ಹೇಗಿರುತ್ತೀಯಮ್ಮ ಎಂದಳು. ಅದಕ್ಕೆ ಉತ್ತರ ಪುಸ್ತಕದಲ್ಲಿ ಇರಲಿಲ್ಲ.

ಬರುವ ಆಗಸ್ಟ್‌ನಲ್ಲಿ ಅವರು ರ್ಯಾಲಿಗೆ ಮನೆ ಬದಲಿಸುತ್ತಾರೆ. ಸಂಪಾದಕರು ಮುಂದಿನ ಸಲ ಇಂಥ ಪಟ್ಟಿ ಅಚ್ಚು ಹಾಕುವಾಗ ಜನವರಿಯ ಪಕ್ಕದಲ್ಲಿ ಇನ್ನೊಂದು ಕಂಬಸಾಲು ಸೇರಿಸಿ, ಆಯಾ ಊರಿನ ಕೆಟ್ಟ ತಿಂಗಳಿನದು. ನನ್ನ ಹಾಜರಿ ಪುಸ್ತಕ ಬೇಕಿದ್ದರೆ ಕಚೇರಿಗೆ ತಂದು ಕೊಡುತ್ತೇನೆ, ಓದಿ ಹಿಂದಿರುಗಿಸಬೇಕು. ಕಂಬಳಿ ಮಾತ್ರ ಇನ್ನು ಸಿಗುವ ಹಾಗಿಲ್ಲ. ಪಕ್ಕದ ಮನೆಯ ಅಜ್ಜಿ ಅದನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಾರಂತೆ.

ಇಂತಿ,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ,
ದಾವಣಗೆರೆ