ಫಿಯೋನಾ ಇರುವ ಪುಟ ಮೊದಲು ತೆಗೆ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿಗೆ,

ಐರಿಷ್, ವೆಲ್ಷ್ ಪುರಾಣಕತೆಗಳನ್ನು ಕನ್ನಡದ ಮಕ್ಕಳಿಗೆ ಹೇಳಹೊರಟಿದ್ದೀಯ, ಹೆಸರುಗಳಿಗೆ ಆಧಾರವಾಗಿ ಯಾವ ಪುಸ್ತಕ ಕೊಳ್ಳಲಿ ಎಂದು ಕೇಳಿದ್ದೀಯ. ಡಬ್ಲಿನ್ನಿನ ಅಂಗಡಿಗಳಲ್ಲಿ 'ಕೆಲ್ಟಿಕ್' (ಐರಿಷ್, ವೆಲ್ಷ್ ಮೊದಲಾದ ನುಡಿಗಳ ಬಳಗದ ಹೆಸರು) ಎಂದು ಹಣೆಪಟ್ಟಿ ಹೊತ್ತ ಪುಸ್ತಕಗಳಿಗೆ ಬರವಿಲ್ಲ. ರಟ್ಟಿನ ಮೇಲಿನ ಚಿತ್ತಾರ ಬಿಡು. ಒಂದು ಹೆಸರು ಯಾವ ಹಸ್ತಪ್ರತಿಯಲ್ಲಿ, ಯಾವ ಕಾಲದಲ್ಲಿ ಕಾಣಿಸುತ್ತದೆಂದು ಅದರ ಕೆಳಗೇ ಬರೆದಿದ್ದಾರೆಯೇ ನೋಡು. ಬರೆದಿಲ್ಲವಾದರೆ ಪುಸ್ತಕ ಎಷ್ಟು ದಪ್ಪವಿದ್ದರೂ ನಿನ್ನ ಕೆಲಸಕ್ಕೆ ಬಾರದು.

ಅಂಗಡಿಯಲ್ಲೇ ನಿಂತು ಪರೀಕ್ಷೆ ಮಾಡಬಹುದು. ಮೊದಲು ಫಿಯೋನಾ. 'ಪ್ರಾಚೀನ ಐರಿಷ್ ಹೆಸರು' ಎಂದಿದ್ದರೆ ಪುಸ್ತಕ ಅಲ್ಲೇ ಇಟ್ಟುಬಿಡು. ಬಿಳುಪು, ಹೊಳಪು ಎಂಬ ಅರ್ಥದ, ಐರ್ಲೆಂಡ್ ಸ್ಕಾಟ್ಲೆಂಡ್‌ಗಳ ಗೇಲಿಕ್ ನುಡಿಯ ಪದಕ್ಕೆ ಲ್ಯಾಟಿನ್ ಬಗೆಯ ಬಾಲ ಅಂಟಿಸಿ ಆದ ಹೆಸರು ಅದು. ವಿಲಿಯಂ ಶಾರ್ಪ್ ಎಂಬ ಸ್ಕಾಟಿಷ್ ಲೇಖಕ 1890ರ ದಶಕದಲ್ಲಿ ಫಿಯೋನಾ ಮಕ್ಲೌಡ್ ಎಂಬ ಕಾವ್ಯನಾಮದಲ್ಲಿ ಬರೆದ ಮೇಲೆ ಹರಡಿದ್ದು. ಆಮೇಲೆ ಶಿವಾನ್. ಬರೆಯುವಾಗ ಬಿ-ಎಚ್ ಇಟ್ಟು 'ವ' ಎನ್ನುವ ಈ ಹೆಸರು ಅಪ್ಪಟ ಕೆಲ್ಟಿಕ್ ಅನ್ನಿಸುತ್ತದೆ. ಆದರೆ ನಾರ್ಮನ್ನರು 1169ರಲ್ಲಿ ಐರ್ಲೆಂಡಿಗೆ ಬಂದಿಳಿದ ನಂತರ ಅವರ ಫ್ರೆಂಚ್ ಹೆಸರಿನಿಂದ ಹುಟ್ಟಿದ್ದು. ಶಾನ್, ಶಿನೇಡ್ ಕೂಡ ಹಾಗೆಯೇ. ಇದನ್ನು ಹೇಳದ ನಾಮಕೋಶವನ್ನು ತೊಟ್ಟಿಲ ಶಾಸ್ತ್ರಕ್ಕೆ ಹೆಸರು ಹುಡುಕುವವರಿಗೆ ಬಿಟ್ಟುಕೊಡು.

ಮೂರನೆಯದು ಬ್ರಿಜಿತ್. ದೇವತೆಗೊಂದು, ಕಿಲ್ಡೇರ್‌ನ ಕ್ರೈಸ್ತ ಸಂತಳಿಗೊಂದು, ಹೀಗೆ ಎರಡು ಉಲ್ಲೇಖ ಇರಬೇಕು, ಒಂದರಿಂದ ಇನ್ನೊಂದಕ್ಕೆ ದಾರಿ ತೋರಿಸಿರಬೇಕು. ಇಬ್ಬರನ್ನೂ ಕಲಸಿ ಒಬ್ಬಳೇ ಎಂದು ಬರೆದವರು ಉಳಿದದ್ದನ್ನೂ ಹಾಗೇ ಕಲಸಿರುತ್ತಾರೆ. ವೆಲ್ಷ್ ಕಡೆಗೆ ಕೆರಿದ್ವೆನ್ ನೋಡು. ಆಕೆ ಬರುವ, ಟಾಲಿಯೆಸಿನ್ ಎಂಬ ಕವಿಯ ಕತೆ ಪೂರ್ತಿಯಾಗಿ ಸಿಗುವುದು 16ನೆಯ ಶತಮಾನದಲ್ಲಿ ಎಲಿಸ್ ಗ್ರಿಫಿದ್ ಬರೆದಿಟ್ಟ ಪಾಠದಲ್ಲಿ. ಅಲ್ಲಿ ಆಕೆ ಮಂತ್ರವಿದ್ಯೆ ಬಲ್ಲ ಹೆಂಗಸು, ದೇವತೆಯಲ್ಲ.

ಕೊನೆಗೆ 'ಮರಗಳ ಪಂಚಾಂಗ'. ಹದಿಮೂರು ತಿಂಗಳು, ತಿಂಗಳಿಗೊಂದು ಮರ ಎಂಬ ಪಟ್ಟಿ ಪ್ರಾಚೀನವೆಂದು ಕೊಟ್ಟಿದ್ದರೆ ಆ ಪುಸ್ತಕದ ಸಹವಾಸವೇ ಬೇಡ. ಕವಿ ರಾಬರ್ಟ್ ಗ್ರೇವ್ಸ್ 1948ರಲ್ಲಿ ಕಟ್ಟಿದ ಕಲ್ಪನೆ ಅದು. ನಿಜವಾದ ಕೆಲ್ಟಿಕ್ ಪಂಚಾಂಗವೊಂದು ಫ್ರಾನ್ಸಿನ ಕೊಲಿಞಿಯಲ್ಲಿ 1897ರಲ್ಲಿ ಕಂಚಿನ ಚೂರುಗಳಾಗಿ ಸಿಕ್ಕಿದೆ. ಅದರಲ್ಲಿ ವರ್ಷಕ್ಕೆ ಹನ್ನೆರಡೇ ತಿಂಗಳು, ಐದು ವರ್ಷಕ್ಕೆ ಎರಡು ಅಧಿಕಮಾಸ. ನಮ್ಮ ಪಂಚಾಂಗ ಓದಿದವರಿಗೆ ಅಪರಿಚಿತವೇನಲ್ಲ.

ಇಷ್ಟರಲ್ಲಿ ಗೆದ್ದ ಪುಸ್ತಕದ ಮುಖಪುಟ ಮಗುಚಿ ಮುದ್ರಣದ ವಿವರ ಓದು. ಚಾರ್ಲ್ಸ್ ಸ್ಕ್ವೈರ್ 1905ರಲ್ಲಿ, ರಾಲ್‌ಸ್ಟನ್ 1911ರಲ್ಲಿ ಬರೆದದ್ದನ್ನು ಹೊಸ ರಟ್ಟು ಹಾಕಿ ಈಗಲೂ ಮಾರುತ್ತಾರೆ. ಕತೆಯಾಗಿ ಓದಲು ಚೆನ್ನ, ಆಧಾರಕ್ಕೆ ಬೇಡ. ಆ ಕಾಲದ ಪಂಡಿತರಿಗೆ ಕಂಡಕಂಡ ದೇವರಲ್ಲೆಲ್ಲ ಸೂರ್ಯನೇ ಕಾಣುತ್ತಿದ್ದ. ಐರಿಷ್ ಪುರಾಣದ ಲೂ ಸೂರ್ಯದೇವ ಎಂಬ ಮಾತು ಬಂದದ್ದು ಹೀಗೆ.

ಇನ್ನು ಕೊಳ್ಳಬೇಕಾದವು. ಪುರಾಣಕ್ಕೆ ಜೇಮ್ಸ್ ಮಕಿಲಪ್ ಅವರ ಆಕ್ಸ್‌ಫರ್ಡ್ ಕೆಲ್ಟಿಕ್ ಪುರಾಣ ನಿಘಂಟು, 1998ರದು. ಐರಿಷ್, ವೆಲ್ಷ್, ಬ್ರೆಟನ್ ಎಲ್ಲ ಒಂದೇ ಸಂಪುಟದಲ್ಲಿವೆ, ಒಂದೇ ಹೆಸರಿನ ಬೇರೆಬೇರೆ ಕಾಗುಣಿತಗಳಿಗೆ ಅಡ್ಡಸೂಚನೆಗಳೂ ಇವೆ. ಈ ಸೂಚನೆಗಳಿಲ್ಲದೆ ನೀನು ಒದ್ದಾಡಿಹೋಗುತ್ತೀಯ. ತುರುಗೊಳ್ ಕತೆಯಾದ ಟಾಯ್ನ್‌ನ ರಾಣಿಯನ್ನೇ ನೋಡು. ಹಳೆಯ ಐರಿಷ್‌ನಲ್ಲಿ ಅವಳ ಹೆಸರು ಎಂ-ಇ-ಡಿ-ಬಿ ಎಂಬ ನಾಲ್ಕೇ ಅಕ್ಷರ. ಮುಂದೆ ಅದಕ್ಕೆ ಡಿ-ಎಚ್, ಬಿ-ಎಚ್ ಸೇರಿ ಉದ್ದವಾಯಿತು. 20ನೆಯ ಶತಮಾನದ ನಡುವೆ ಕಾಗುಣಿತ ಸುಧಾರಿಸಿದಾಗ ಮತ್ತೆ ಗಿಡ್ಡವಾಯಿತು, ಇಂಗ್ಲಿಷಿನಲ್ಲಂತೂ ಇನ್ನೊಂದೇ ಬಗೆ. ನಾಲ್ಕೂ ರೂಪಗಳನ್ನು ಬೇರೆಬೇರೆ ರಾಣಿಯರೆಂದು ಪಟ್ಟಿಮಾಡಿದ ಪುಸ್ತಕಗಳಿವೆ! ನೀನು ಮಾತ್ರ ಒಂದು ಚೀಟಿಯಲ್ಲಿ ನಾಲ್ಕನ್ನೂ ಬರೆದು, ಕನ್ನಡದಲ್ಲಿ 'ಮೇವ್' ಎಂದು ನಿರ್ಧರಿಸಿ, ಕೊನೆಯವರೆಗೂ ಅದನ್ನೇ ಬಳಸು. ಐರಿಷ್‌ನ ಸಿ ಅಕ್ಷರ ಎಂದೂ 'ಸ' ಅಲ್ಲ, ಕೀರಾನ್ ಹೆಸರನ್ನು ಸಿಯರಾನ್ ಎಂದು ಬರೆದೀಯ, ಜೋಕೆ. ವೆಲ್ಷ್‌ನಲ್ಲಿ ಒಂಟಿ ಎಫ್ 'ವ', ಜೋಡಿ ಎಫ್ 'ಫ'. ಜೋಡಿ ಎಲ್ ಅಲ್ಲಿ ಬೇರೆಯೇ ಅಕ್ಷರ, ಆದ್ದರಿಂದ ವೇಲ್ಸ್‌ನಲ್ಲಿ ಸಿದ್ಧವಾದ ಕೋಶಗಳಲ್ಲಿ ಎಲ್ ವಿಭಾಗ ಪೂರ್ತಿ ಮುಗಿದ ಮೇಲೆ ಅದನ್ನು ಹುಡುಕು. ಅಲ್ಲೇ ಕಾಣಲಿಲ್ಲವೆಂದು ಪುಸ್ತಕ ಮುಚ್ಚಬೇಡ.

ಕತೆಗಳ ಮೂಲಕ್ಕೆ ವೆಲ್ಷ್‌ನಲ್ಲಿ ಶೋನೆದ್ ಡೇವಿಸ್ ಅವರ 2007ರ ಮಾಬಿನೋಗಿಯನ್ (ಹಳೆಯ ವೆಲ್ಷ್ ಕತೆಗಳ ಸಂಗ್ರಹ) ಅನುವಾದ ಸಾಕು, ಉಚ್ಚಾರಣೆಯ ಮಾರ್ಗದರ್ಶಿ ಅದರಲ್ಲೇ ಇದೆ. ಟಾಯ್ನ್‌ಗೆ ಥಾಮಸ್ ಕಿನ್ಸೆಲ್ಲಾ 1969ರಲ್ಲಿ ಮಾಡಿದ ಅನುವಾದ ಓದಲು ಸೊಗಸು. ಆದರೆ ಒಂದಕ್ಕಿಂತ ಹೆಚ್ಚು ಹಸ್ತಪ್ರತಿಗಳನ್ನು ಹೆಣೆದು ಮಾಡಿದ್ದು ಅದು. ಯಾವ ಘಟನೆ ಯಾವ ಪಾಠದ್ದು ಎಂದು ಅನುಮಾನ ಬಂದರೆ ಸಿಸಿಲ್ ಓ ರಾಹಿಲಿಯವರ ಸಂಪಾದನೆಗಳನ್ನು ನೋಡಬೇಕು. ಕಾರ್ಕ್ ವಿಶ್ವವಿದ್ಯಾಲಯದ 'ಕೆಲ್ಟ್' ಜಾಲತಾಣದಲ್ಲಿ ಐರಿಷ್ ಮೂಲವೂ ಅನುವಾದವೂ ಪುಕ್ಕಟೆ ಸಿಗುತ್ತವೆ.

ಜಾನ್ ಕೋಖ್ ಸಂಪಾದಿಸಿದ ಐದು ಸಂಪುಟಗಳ ಕೆಲ್ಟಿಕ್ ವಿಶ್ವಕೋಶಕ್ಕೆ (2006) ದುಡ್ಡು ಸುರಿಯಬೇಡ, ಗ್ರಂಥಾಲಯದಲ್ಲಿ ಕೂತು ಓದು. ವೆಲ್ಷ್ ವ್ಯಕ್ತಿನಾಮಗಳಿಗೆ ರೇಚಲ್ ಬ್ರೊಮ್ವಿಚ್ ಸಂಪಾದಿಸಿದ 'ಬ್ರಿಟನ್ ದ್ವೀಪದ ತ್ರಿಕಗಳು' (ಹೆಸರು, ಸಂಗತಿಗಳನ್ನು ಮೂರು ಮೂರಾಗಿ ಜೋಡಿಸಿದ ಹಳೆಯ ಪಟ್ಟಿಗಳು) ಪುಸ್ತಕದ ಹಿಂಭಾಗದ ಟಿಪ್ಪಣಿಗಳಷ್ಟು ಗಟ್ಟಿಯಾದದ್ದು ಬೇರೊಂದಿಲ್ಲ. ಐಯೊಲೊ ಮೊರ್ಗಾನುಗ್ (1747–1826) ತಾನೇ ಹೊಸೆದು ಹಳೆಯದೆಂದು ನಂಬಿಸಿದ ತ್ರಿಕಗಳು ಅಗ್ಗದ ಪುಸ್ತಕಗಳಲ್ಲಿ ಇಂದಿಗೂ ನುಸುಳುತ್ತವೆ, ಇಲ್ಲಿ ಅವಕ್ಕೆ ಜಾಗವಿಲ್ಲ.

ಒಂದು ಮೋಜಿನ ಸಂಗತಿ. ಸುಮಾರು ಸಾವಿರ ವರ್ಷ ಹಿಂದಿನ ಐರಿಷ್ 'ಕೊರ್ಮಾಕನ ಪದಕೋಶ'ದ ಇಂಗ್ಲಿಷ್ ಅನುವಾದ 1868ರಲ್ಲಿ ಅಚ್ಚಾದದ್ದು ನಮ್ಮ ಕಲ್ಕತ್ತೆಯಲ್ಲಿ. ಮದರಾಸು, ಕಲ್ಕತ್ತೆಗಳಲ್ಲಿ ಕಾನೂನಿನ ಕೆಲಸ ಮಾಡುತ್ತಿದ್ದ ವಿಟ್ಲಿ ಸ್ಟೋಕ್ಸ್ ಅದರ ಸಂಪಾದಕ. ಬ್ರಿಜಿತ್ ದೇವತೆಗೆ ಅದೇ ಹೆಸರಿನ ಇಬ್ಬರು ಸೋದರಿಯರಿದ್ದರೆಂಬ ಮಾತು ಅಲ್ಲಿಯದೇ. ಆದರೆ ಅದರ ಪದವ್ಯುತ್ಪತ್ತಿಗಳನ್ನು ನಂಬಬೇಡ. ಪದ ಒಡೆದು ತೋಚಿದ ಅರ್ಥ ಕೊಡುವುದು ಆ ಕಾಲದ ರೂಢಿ.

ಐರಿಷ್ ಹೆಸರುಗಳಿಗೆ ಮಾತ್ರ ಡೊನಖ ಓ ಕೊರಾನ್ ಮತ್ತು ಫಿಡೆಲ್ಮಾ ಮಗ್ವಾಯರ್ ಅವರ ಪುಸ್ತಕ ಬೇಕೇ ಬೇಕು. ಹಳೆಯ ರೂಪ, ಹೊಸ ರೂಪ, ಆ ಹೆಸರಿನ ರಾಜರು, ಸಂತರು ಎಲ್ಲ ಅದರಲ್ಲಿದ್ದಾರೆ. ಹಳೆ ಪುಸ್ತಕದಂಗಡಿಗಳಲ್ಲಿ ಹುಡುಕು. 1981ರಲ್ಲಿ 'ಗೇಲಿಕ್ ಪರ್ಸನಲ್ ನೇಮ್ಸ್' ಎಂದು, 1990ರಲ್ಲಿ 'ಐರಿಷ್ ನೇಮ್ಸ್' ಎಂದು ಬಂದಿದೆ. ಎರಡೂ ಒಂದೇ ಪುಸ್ತಕ, ಯಾವುದು ಅಗ್ಗವೋ ಅದನ್ನು ತಗೋ. ಇನ್ನೊಂದು ಪ್ರತಿಯೂ ಕಡಿಮೆಗೆ ಸಿಕ್ಕರೆ ನನಗೆ ತೆಗೆದಿಡು.

ನಿನ್ನ
ಅಮ್ಮ