ಪರಿಸರ ಸಚಿವರೇ, ನೀರಿನ ಜೊತೆ ಆ ಕೆಸರನ್ನೂ ಟೆಸ್ಟ್ ಮಾಡಿಸಿ

ಮಾನ್ಯ ಪರಿಸರ ಸಚಿವರಿಗೆ ನಮಸ್ಕಾರ,

ಮೊನ್ನೆ ಇಳಿತದ ಟೈಮಲ್ಲಿ ಅಳಿವೆ ಹತ್ರ ಬೈನಾಕ್ಯುಲರ್ ಹಿಡ್ಕೊಂಡು ಕೂತಿದ್ದೆ. ಒಂದು ಗೊರವ ಹಕ್ಕಿ, ಮುಷ್ಟಿಯಷ್ಟೂ ಇಲ್ಲ, ಕೆಸರಲ್ಲಿ ಕೊಕ್ಕನ್ನ ಬುಡದವರೆಗೂ ಇಳಿಸಿ ಹುಳ ಎಳೀತಾ ಇತ್ತು, ಹುಳ ರಬ್ಬರ್ ಥರ ಹಿಗ್ತಾ ಹಿಗ್ತಾ ಕೊನೆಗೆ ಪಟ್ ಅಂತ ಕಿತ್ಕೊಂಡು ಬಂತು, ಹಕ್ಕಿ ಅದನ್ನ ಮೆತ್ಕೊಂಡಿದ್ದ ಕಪ್ಪು ಕೆಸರಿನ ಸಮೇತ ಗುಳುಂ ಅಂತ ನುಂಗ್ತು. ಆ ಕೆಸರಲ್ಲಿ ಸೇರಿರಬಹುದಾದ ಸೀಸ, ಪಾದರಸದಂಥ ಭಾರ ಲೋಹಗಳ ಬಗ್ಗೆನೇ ಈ ಪತ್ರ.

ಭಾರ ಲೋಹದ ಬಗ್ಗೆ ಯಾವಾಗ ಕೇಳಿದ್ರೂ ಬರೋ ಉತ್ತರ ಒಂದೇ, ನೀರಿನ ಸ್ಯಾಂಪಲ್ ತಗೊಂಡಿದೀವಿ, ಎಲ್ಲಾ ಲಿಮಿಟ್ ಒಳಗಿದೆ ಅಂತ. ಆ ರಿಪೋರ್ಟ್ ಸುಳ್ಳು ಅಂತ ನಾನು ಹೇಳ್ತಿಲ್ಲ ಸಾರ್. ನೀರಲ್ಲಿ ಹುಡುಕಿದ್ರೆ ಕಮ್ಮಿನೇ ಸಿಗೋದು, ಯಾಕಂದ್ರೆ ಸೀಸ, ಕ್ಯಾಡ್ಮಿಯಂ, ಪಾದರಸ ಇವೆಲ್ಲ ಜಾಸ್ತಿ ಹೊತ್ತು ನೀರಲ್ಲಿ ಕರಗಿಕೊಂಡೇ ಇರಲ್ಲ, ಜೇಡಿಮಣ್ಣಿನ ಸಣ್ಣ ಸಣ್ಣ ಕಣಗಳಿಗೆ, ಕೊಳೆತ ಎಲೆ ಕಡ್ಡಿಗೆ ಅಂಟ್ಕೊಂಡುಬಿಡ್ತವೆ, ಹೊಳೆ ನೀರಿಗೆ ಉಪ್ಪುನೀರು ಸೇರೋ ಜಾಗಕ್ಕೆ ಬಂದಾಗ ಆ ಕಣಗಳು ಮುದ್ದೆಗಟ್ಟಿ ತಳಕ್ಕೆ ಕೂರ್ತವೆ. ಹಾಗಾಗಿ ಮೇಲಿನ ನೀರು ಪಾಸ್ ಆದ್ರೂ ಕೆಳಗಿನ ಕೆಸರು ಫೇಲ್ ಆಗಿರಬಹುದು, ಮತ್ತೆ ಈ ಹಕ್ಕಿಗಳ ತಟ್ಟೆ ಇರೋದೇ ಆ ಕೆಸರಲ್ಲಿ.

ಕೆಸರಿನ ಹುಳ ಆ ಮಣ್ಣನ್ನೇ ತಿಂದು ಬದುಕುತ್ತೆ. ಕಪ್ಪೆಚಿಪ್ಪು ದಿನವಿಡೀ ನೀರು ಸೋಸ್ತಾ ಇರುತ್ತೆ, ಬಂದ ಲೋಹ ಮೈಯಲ್ಲೇ ಉಳಿಯುತ್ತೆ. ಪಾದರಸದ ಕಥೆ ಇನ್ನೂ ಕೆಟ್ಟದು, ಆಕ್ಸಿಜನ್ ಇಲ್ಲದ ಕಪ್ಪು ಕೆಸರಲ್ಲಿ ಇರೋ ಬ್ಯಾಕ್ಟೀರಿಯಾ ಅದನ್ನ ಮೀಥೈಲ್ ಪಾದರಸ ಅನ್ನೋ, ಜೀವಿಗಳ ಮೈಗೆ ಸುಲಭವಾಗಿ ಸೇರೋ ವಿಷ ಮಾಡ್ತವೆ, ಅದು ಹುಳದಿಂದ ಏಡಿಗೆ, ಏಡಿಯಿಂದ ಹಕ್ಕಿಗೆ ಹೋಗ್ತಾ ಮೆಟ್ಟಿಲು ಮೆಟ್ಟಿಲಿಗೂ ಜಾಸ್ತಿ ಆಗುತ್ತೆ. ಸೀಸ, ಕ್ಯಾಡ್ಮಿಯಂ ಸಾಮಾನ್ಯವಾಗಿ ಹಾಗೆ ಮೆಟ್ಟಿಲು ಹತ್ತಲ್ಲ, ಆದ್ರೆ ಸೀಸ ಮೂಳೆಯಲ್ಲಿ, ಕ್ಯಾಡ್ಮಿಯಂ ಕಿಡ್ನಿಯಲ್ಲಿ ವರ್ಷಗಟ್ಟಲೆ ಕೂತುಬಿಡುತ್ತೆ. ಇದರ ಮೇಲೆ ನೇರವಾಗಿ ಹೊಟ್ಟೆಗೆ ಹೋಗೋ ಕೆಸರು ಬೇರೆ. ಕಾಡುಪ್ರಾಣಿ, ಹಕ್ಕಿಗಳು ಊಟದ ಜೊತೆ ಎಷ್ಟು ಮಣ್ಣು ತಿಂತವೆ ಅಂತ ಅಮೆರಿಕದ ವಿಜ್ಞಾನಿಗಳು ಹಿಕ್ಕೆ ನೋಡಿ ಲೆಕ್ಕ ಹಾಕಿ 1994ರಲ್ಲಿ ಪ್ರಕಟಿಸಿದ್ರು, ಅದರಲ್ಲಿ ನಾಲ್ಕು ಜಾತಿ ಗೊರವಗಳಿಗೆ ಬಂದಿದ್ದು ಸುಮಾರು 7ರಿಂದ 30 ಪರ್ಸೆಂಟ್. 30 ಅಂದ್ರೆ ಒಳಗೆ ಹೋಗೋದ್ರಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಮಣ್ಣೇ!

ಒಂದೇ ಕೆಸರಲ್ಲಿ ಪಕ್ಕ ಪಕ್ಕ ಮೇಯೋ ಎರಡು ಜಾತಿ ಹಕ್ಕಿಗಳಲ್ಲೂ ಲೋಹದ ಪ್ರಮಾಣ ಬೇರೆ ಬೇರೆ ಇರಬಹುದು, ಒಂದು ಕಾರಣ ಕೊಕ್ಕು. ಗಿಡ್ಡ ಕೊಕ್ಕಿಂದು ಮೇಲ್ಮೈಯಲ್ಲಿ ಓಡಾಡೋದನ್ನ ಹೆಕ್ಕುತ್ತೆ, ಉದ್ದ ಕೊಕ್ಕಿಂದು ಆಳದ ಹುಳ ತೆಗೆಯುತ್ತೆ, ಇನ್ನೊಂದು ಚಿಪ್ಪು ಬಿಡಿಸಿ ತಿನ್ನುತ್ತೆ. ಅದಕ್ಕೆ ಒಂದು ಜಾತಿ ಹಕ್ಕಿ ನೋಡಿ ಇಡೀ ದಡಕ್ಕೆ ಸರ್ಟಿಫಿಕೇಟ್ ಕೊಡೋಕೂ ಆಗಲ್ಲ.

ಸೆಲೆನಿಯಂ ಅನ್ನೋದು ಕಟ್ಟುನಿಟ್ಟಾಗಿ ಲೋಹ ಅಲ್ಲ, ಆದ್ರೂ ಅಮೆರಿಕದ ಕ್ಯಾಲಿಫೋರ್ನಿಯಾದ ಕೆಸ್ಟರ್ಸನ್ ಜಲಾಶಯದ ವಿಷಯ ನೀವು ಒಮ್ಮೆ ತರಿಸಿ ಓದ್ಲೇಬೇಕು. ನೀರಾವರಿ ಹೊಲಗಳಿಂದ ಬಸಿದ ನೀರನ್ನ ಅಲ್ಲಿಗೆ ಬಿಡ್ತಿದ್ರು, ಅದರಲ್ಲಿದ್ದ ಸೆಲೆನಿಯಂ ಪಾಚಿಗೆ, ಹುಳಹುಪ್ಪಟೆಗೆ ಸೇರಿ ನೀರಲ್ಲಿ ಇದ್ದಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಆಯ್ತು. 1983ರಲ್ಲಿ ಗೂಡುಗಳನ್ನ ನೋಡಿದಾಗ ಮೆಟ್ಟುಗಾಲು ಹಕ್ಕಿಗಳಂಥವುಗಳ ಮೊಟ್ಟೆಯಲ್ಲಿ ಕಣ್ಣಿಲ್ಲದ, ಕಾಲಿಲ್ಲದ, ಕೊಕ್ಕು ಸೊಟ್ಟಗಾದ ಮರಿಗಳು ಸಿಕ್ಕವು. ತಾಯಿ ತಿಂದಿದ್ದು ಮೊಟ್ಟೆಗೆ ಹೋಯ್ತು, ಅಷ್ಟೇ. 1986ರಲ್ಲಿ ಆ ನೀರು ತರ್ತಿದ್ದ ಕಾಲುವೆ ಮುಚ್ಚಿಸಿದ್ರು, ಆದ್ರೆ ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಆ ಮರಿಗಳ ಫೋಟೋ ನೋಡಿದ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ.

ಈ ಹಕ್ಕಿಗಳು ಸುಮ್ನೆ ಬಂದು ಹೋಗೋ ಅತಿಥಿಗಳೂ ಅಲ್ಲ. 2022ರಲ್ಲಿ ಗಾಡ್‌ವಿಟ್ ಅನ್ನೋ ಉದ್ದ ಕೊಕ್ಕಿನ ದಡದ ಹಕ್ಕಿ ಜಾತಿಯ ಒಂದು ಎಳೆ ಹಕ್ಕಿ ಅಲಾಸ್ಕದಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ 11 ದಿನದಲ್ಲಿ 13,560 ಕಿಲೋಮೀಟರ್ ಎಲ್ಲೂ ಇಳೀದೆ ಹಾರಿದ್ದು ಸ್ಯಾಟಲೈಟ್ ಟ್ಯಾಗಿಂದ ದಾಖಲಾಯ್ತು. ಅಂಥ ಹಾರಾಟಕ್ಕೆ ಬೇಕಾದ ಕೊಬ್ಬನ್ನ ಕೆಲವೇ ವಾರದಲ್ಲಿ ಇಂಥದ್ದೇ ಕೆಸರಿಂದ ತುಂಬ್ಕೋಬೇಕು, ಹಗಲು ರಾತ್ರಿ ಇಳಿತ ಆದಾಗೆಲ್ಲ ತಿಂತಾನೇ ಇರ್ತವೆ. ಒಂದು ಕಡೆ ಕೆಸರು ಹಾಳಾದ್ರೆ ಬೇರೆ ಖಂಡದ ಗೂಡಿಗೂ ಅದರ ಬಿಸಿ ತಾಗುತ್ತೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ನೀರಿನ ಸ್ಯಾಂಪಲ್ ತೆಗೆಯೋ ದಿನವೇ ಅದೇ ಜಾಗದ ಕೆಸರು, ಹುಳ, ಚಿಪ್ಪಿನದ್ದೂ ತೆಗೆಸಿ. ಪಳಗಿದವರ ಕೈಲಿ ಹಕ್ಕಿ ಹಿಡಿಸಿ ಒಂದು ಗರಿ, ಒಂದು ಹನಿ ರಕ್ತ ತಗೊಂಡು ಬಿಟ್ಟುಬಿಡಿ, ಎರಡೂ ಬೇಕು, ಯಾಕಂದ್ರೆ ಗರಿ ಬೆಳೆದ ಜಾಗದ ಲೆಕ್ಕ ಗರಿಯಲ್ಲಿರುತ್ತೆ, ಅದು ಸಾವಿರಾರು ಮೈಲಿ ದೂರ ಇರಬಹುದು, ಇತ್ತೀಚಿನ ಊಟದ ಲೆಕ್ಕ ರಕ್ತ ಹೇಳುತ್ತೆ. ಗರಿ ಚೆನ್ನಾಗಿ ತೊಳೆದೇ ಟೆಸ್ಟ್ ಮಾಡ್ಬೇಕು, ಇಲ್ಲಾಂದ್ರೆ ಹೊರಗಿಂದ ಕೂತ ಸೀಸದ ಧೂಳೂ ಲೆಕ್ಕಕ್ಕೆ ಬಂದುಬಿಡುತ್ತೆ. ಇನ್ನು ಹೂಳೆತ್ತೋ ಕೆಲಸಕ್ಕೆ ಪರ್ಮಿಶನ್ ಕೊಡೋ ಮುಂಚೆ ಈ ರಿಪೋರ್ಟ್ ಕಡ್ಡಾಯ ಮಾಡಿ, ವರ್ಷಾನುಗಟ್ಟಲೆ ಹೂತಿದ್ದ ಕೆಸರನ್ನ ಕಲಕಿದ್ರೆ ಅದಕ್ಕೆ ಗಾಳಿ ತಾಗಿ ಒಳಗಿದ್ದ ಲೋಹ ಮತ್ತೆ ಬಿಡುಗಡೆ ಆಗುತ್ತೆ. ಬಂದ ರಿಪೋರ್ಟನ್ನ ಫೈಲಲ್ಲಿ ಇಡದೆ ಎಲ್ಲರಿಗೂ ಓದೋಕೆ ಕೊಡಿ, ಅದೇ ಚಿಪ್ಪು, ಅದೇ ಏಡಿ ಜನಾನೂ ತಿಂತಾರೆ.

ಮುಂದಿನ ವಲಸೆ ಶುರು ಆಗೋದ್ರೊಳಗೆ ಮೊದಲ ಸ್ಯಾಂಪಲ್ ತೆಗೆಯೋಕೆ ಆರ್ಡರ್ ಮಾಡ್ತೀರಾ? ಆ ದಿನ ನೀವೂ ಬರೋದಾದ್ರೆ ಇಳಿತ ಶುರುವಾಗೋ ಹೊತ್ತಿಗೆ ಬನ್ನಿ, ಹಕ್ಕಿಗಳು ನೀರಿನ ಅಂಚಿನ ಹಿಂದೆನೇ ಕೆಸರಿಗೆ ಇಳೀತವೆ, ನಾನು ಬೈನಾಕ್ಯುಲರ್ ಹಿಡ್ಕೊಂಡು ಅಲ್ಲೇ ಇರ್ತೀನಿ.

ಇಂತಿ ನಿಮ್ಮ ವಿಶ್ವಾಸಿ,
ದಡದಲ್ಲಿ ಹಕ್ಕಿ ನೋಡೋ ಒಬ್ಬ ಮತದಾರ