ವಾಷಿಂಗ್ ಮೆಷಿನ್ ಬೋರ್ಡಿನ ವಿಚಾರವಾಗಿ ನಮ್ಮ ಗ್ರಾಹಕರಿಗೆ

ಮಾನ್ಯ ಗ್ರಾಹಕರೇ,

ವಾಷಿಂಗ್ ಮೆಷಿನ್ನಿನ ಸುಟ್ಟ ಬೋರ್ಡನ್ನು (ಮೆಷಿನ್ ನಡೆಸುವ ಎಲೆಕ್ಟ್ರಾನಿಕ್ ಸರ್ಕ್ಯೂಟನ್ನು) ರಿಪೇರಿ ಮಾಡಿಕೊಡುವುದನ್ನು ಈ ತಿಂಗಳಿಂದ ನಿಲ್ಲಿಸಿದ್ದೇವೆ. ಬೋರ್ಡೇ ಹೋಗಿದೆ ಎಂದು ಖಾತ್ರಿಯಾದರೆ ಇನ್ನು ಮುಂದೆ ಕಂಪನಿಯ ಹೊಸ ಬೋರ್ಡನ್ನೇ ಹಾಕುತ್ತೇವೆ. ಆರ್ಡರ್ ಮಾಡುವ ಮುಂಚೆ ಅರ್ಧ ಹಣ ಮುಂಗಡ ಕೊಡಬೇಕಾಗುತ್ತದೆ. ಇದನ್ನು ಕೇಳಿ ಬೇಸರಪಟ್ಟುಕೊಂಡು ಹೋದವರಿದ್ದಾರೆ. ಅವರಲ್ಲಿ ಕ್ಷಮೆ ಇರಲಿ, ಆದರೆ ಕಾರಣವನ್ನೂ ಕೇಳಿ.

ಈಗಿನ ಮೆಷಿನ್‌ಗಳ ಬೋರ್ಡಿಗೆ ನೀರಿನ ಪಸೆ ತಾಗದಿರಲಿ ಎಂದು ಮೇಲೆಲ್ಲ ರೆಸಿನ್ (ಅಂಟಿನಂಥ ಪದಾರ್ಥ) ಸುರಿದು ಮುಚ್ಚಿರುತ್ತಾರೆ. ಒಳಗಿನ ಒಂದು ಟ್ರಯಾಕ್ (ಕರೆಂಟನ್ನು ಆನ್-ಆಫ್ ಮಾಡುವ ಚಿಕ್ಕ ಬಿಡಿಭಾಗ) ಬದಲಿಸಬೇಕೆಂದರೂ ಬಿಸಿ ಗಾಳಿ ಹಿಡಿದು ರೆಸಿನ್ನನ್ನು ಮೆತ್ತಗೆ ಮಾಡಿ ಚೂರು ಚೂರೇ ಕೆರೆಯಬೇಕು. ಎಷ್ಟೇ ಜೋಪಾನ ಮಾಡಿದರೂ ಕೆಲವೊಮ್ಮೆ ತೆಳ್ಳಗಿನ ತಾಮ್ರದ ಗೆರೆಗಳು ರೆಸಿನ್ ಜೊತೆಗೇ ಎದ್ದು ಬರುತ್ತವೆ. ಈ ಕೆಲಸ ನಮ್ಮ ಹುಡುಗರಿಗೆ ಚೆನ್ನಾಗಿಯೇ ಬರುತ್ತದೆ. ಆದರೆ ಒಮ್ಮೆ ಸೀಲ್ ಒಡೆದ ಬೋರ್ಡಿಗೆ ನಮ್ಮ ಮಲೆನಾಡಿನ ಮಳೆಗಾಲದ ಥಂಡಿ ಹಿಡಿಯದೇ ಬಿಡುವುದಿಲ್ಲ. ಬೇಸಿಗೆಯಲ್ಲಿ ಸರಿ ಮಾಡಿಕೊಟ್ಟದ್ದು ಆಷಾಢದಲ್ಲಿ ಕೈಕೊಟ್ಟರೆ ದುಡ್ಡು ಹೋಗುವುದು ನಿಮ್ಮದು, ಹೆಸರು ಕೆಡುವುದು ನಮ್ಮದು.

ಇನ್ನು ನಾವು ದಿನವೂ ಕೇಳುವ ಮಾತು: "ಮೊಬೈಲಲ್ಲಿ ಅದೇ ಬೋರ್ಡು ಅರ್ಧ ರೇಟಿಗೆ ಸಿಗ್ತದಲ್ಲ ಮಾರಾಯ್ರೆ, ನೀವ್ಯಾಕೆ ಇಷ್ಟು ಹೇಳ್ತೀರಿ?"

ಅದೇ ಬೋರ್ಡ್ ಅಲ್ಲ ಸ್ವಾಮಿ. ನೋಡಲು ಒಂದೇ ಥರ ಇರುತ್ತದೆ, ಕನೆಕ್ಟರ್‌ಗಳೂ ಸರಿಯಾಗಿಯೇ ಕೂರಬಹುದು. ಆದರೆ ಒಳಗಿನ ಪ್ರೋಗ್ರಾಂ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಆರೂವರೆ ಕೆ.ಜಿ. ಮೆಷಿನ್ನಿನ ಬೋರ್ಡನ್ನು ಎಂಟು ಕೆ.ಜಿ.ಯದಕ್ಕೆ ಹಾಕಿದರೆ ನೀರಿನ ಮಟ್ಟ ತಪ್ಪಬಹುದು, ಮೋಟಾರು ಸರಿಯಾಗಿ ತಿರುಗದೆ ಎರರ್ ತೋರಿಸಬಹುದು. ಅದಕ್ಕೇ ನಾವು ಮೆಷಿನ್ನಿನ ಹಿಂದಿನ ಸ್ಟಿಕರ್ ಮತ್ತು ಬೋರ್ಡಿನ ಮೇಲಿನ ಪಾರ್ಟ್ ನಂಬರ್ ಎರಡನ್ನೂ ಫೋಟೊ ತೆಗೆದುಕೊಂಡು, ತಾಳೆ ನೋಡಿಯೇ ಆರ್ಡರ್ ಹಾಕುವುದು. ಅಗ್ಗದಲ್ಲಿ ಬರುವವುಗಳಲ್ಲಿ ಗುಜರಿ ಮೆಷಿನ್ನಿನಿಂದ ಕಿತ್ತು ಒರೆಸಿಟ್ಟ ಬೋರ್ಡುಗಳೂ ಇರುತ್ತವೆ.

ಬೋರ್ಡಿನ ಬೆಲೆ ನಾವು ಇಟ್ಟದ್ದಲ್ಲ. ಅದರ ಮೇಲೆ ಶೇ. 18 ಜಿಎಸ್‌ಟಿ ಇದೆ. ಬೆಂಗಳೂರಿನಿಂದ ತರಿಸುವ ಪಾರ್ಸೆಲ್ ಖರ್ಚು ಇದೆ. ಕವರ್ ಒಡೆದ ಎಲೆಕ್ಟ್ರಿಕಲ್ ಸಾಮಾನನ್ನು ಡೀಲರ್ ವಾಪಸ್ ತೆಗೆದುಕೊಳ್ಳುವುದಿಲ್ಲ. ನಾವು ತರಿಸಿದ ಮೇಲೆ "ಬೇಡ, ಹೊಸ ಮೆಷಿನ್ನೇ ತಗೊಂಡ್ವಿ" ಎಂದರೆ ಆ ಬೋರ್ಡು ನಮ್ಮ ಕಪಾಟಿನಲ್ಲೇ ಉಳಿಯುತ್ತದೆ. ಬೇರೆ ಮಾಡೆಲ್‌ನ ಮೆಷಿನ್ನಿಗೆ ಅದು ಆಗುವುದಿಲ್ಲ. ಮುಂಗಡ ಕೇಳುತ್ತಿರುವುದು ಇದಕ್ಕೇ ಹೊರತು ನಿಮ್ಮ ಮೇಲೆ ನಂಬಿಕೆ ಇಲ್ಲವೆಂದಲ್ಲ.

"ಏನು ತಂದರೂ ಬೋರ್ಡ್ ಹೋಗಿದೆ ಅಂತೀರಿ" ಎಂದವರೂ ಇದ್ದಾರೆ. ಈ ಮಾತು ಮಾತ್ರ ನಮಗೆ ನಿಜಕ್ಕೂ ನೋವು ಕೊಟ್ಟಿದೆ. ಇಲಿ ಕಡಿದ ವೈರು, ಕಸ ಕಟ್ಟಿದ ಡ್ರೈನ್ ಪಂಪು, ಕೆಟ್ಟ ಡೋರ್ ಲಾಕ್, ಇವನ್ನೆಲ್ಲ ನೋಡದೆ ನಾವು ಬೋರ್ಡಿಗೆ ಕೈ ಹಾಕುವುದಿಲ್ಲ. ಪಂಪಿನ ಕಾಯಿಲ್ ಶಾರ್ಟ್ ಆಗಿದ್ದರೆ ಹಾಕಿದ ಹೊಸ ಬೋರ್ಡೂ ಸುಡುತ್ತದೆ. ಹಾಗಾಗಿ ಪಂಪು, ನೀರಿನ ವಾಲ್ವು ಎರಡಕ್ಕೂ ಮೀಟರ್ ಹಿಡಿದು, ಓಮ್ (ಕಾಯಿಲ್ಲಿನ ರೆಸಿಸ್ಟೆನ್ಸ್) ಎಷ್ಟು ಬಂತೆಂದು ಬಿಲ್ಲಿನಲ್ಲೇ ಬರೆದುಕೊಡುತ್ತೇವೆ. ಬಿಚ್ಚಿದ ಹಳೆ ಬೋರ್ಡನ್ನೂ ನಿಮ್ಮ ಕೈಗೇ ಕೊಡುತ್ತೇವೆ. ಅದರಲ್ಲಿರುವ ಗುಂಡನೆಯ ವೇರಿಸ್ಟರ್ (ಹೆಚ್ಚು ವೋಲ್ಟೇಜಿನಿಂದ ಬೋರ್ಡನ್ನು ಕಾಯುವ ಭಾಗ) ಸಿಡಿದು ಸುತ್ತ ಕಪ್ಪಾಗಿದ್ದರೆ ಹೆಚ್ಚು ವೋಲ್ಟೇಜ್ ಬಂದದ್ದೇ ಕಾರಣ ಎಂದು ಯಾರು ಬೇಕಾದರೂ ಹೇಳಬಹುದು. ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದರೆ 230 ಬರಬೇಕಾದಲ್ಲಿ 400 ವೋಲ್ಟಿನವರೆಗೂ ಮನೆಯೊಳಗೆ ಬರಬಹುದು. ಅದನ್ನು ಯಾವ ಕಂಪನಿಯ ಬೋರ್ಡೂ ತಡೆಯದು. ಗುಡುಗು ಶುರುವಾಗುವ ಮುಂಚೆಯೇ, ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಅರ್ಥಿಂಗ್ ಒಮ್ಮೆ ನೋಡಿಸಿ.

ಈಗಾಗಲೇ ನಮ್ಮಲ್ಲಿ ರಿಪೇರಿಗೆ ಕೊಟ್ಟಿರುವ ಬೋರ್ಡುಗಳನ್ನು ಮೊದಲು ಮಾತಾಡಿದ ರೇಟಿಗೇ ಸರಿಮಾಡಿ ಕೊಡುತ್ತೇವೆ. ಹೊಸ ಬೋರ್ಡು ಹಾಕಿದ್ದಕ್ಕೆ ನಮ್ಮ ಅಂಗಡಿಯ ಲೆಕ್ಕದಲ್ಲಿ ಆರು ತಿಂಗಳ ಗ್ಯಾರಂಟಿ. ಅಡಿಕೆ ದುಡ್ಡು ಕೈಗೆ ಬರುವವರೆಗೆ ಮುಂಗಡ ಕೊಡುವುದು ಕಷ್ಟ ಎನ್ನುವ ಹಳೆ ಗ್ರಾಹಕರು ಕೌಂಟರಿನ ಹುಡುಗರ ಹತ್ತಿರ ಚರ್ಚೆ ಮಾಡುವುದು ಬೇಡ, ನೇರ ನನ್ನ ಹತ್ತಿರ ಬನ್ನಿ. ಮಧ್ಯಾಹ್ನ ಊಟದ ಹೊತ್ತು ಬಿಟ್ಟರೆ ಅಂಗಡಿಯಲ್ಲೇ ಇರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಅಂಗಡಿಯ ಮಾಲೀಕ